ಒಂದ ಖೋಲಿ ಮನಿ, ಅದರಾಗ ನಮ್ಮ ಜಾಗಾ

ಹೋದ ತಿಂಗಳ ನಮ್ಮ ಅಕ್ಕನ ಮಗಳು ಬೆಂಗಳೂರಿನ್ಯಾಗ ಬಾಡಿಗಿ ಮನಿ ಹಿಡದ್ಲು. ಮನಿ ಅಂದ್ರ ಒಂದ ಖೋಲಿ, ಅದರ ಬಾಜೂಕ ಒಬ್ಬರ ನಿಂತು ಅಡಗಿ ಮಾಡೂವಷ್ಟು ಜಾಗಾ. ಗಂಡ, ಹೆಂಡತಿ, ಎರಡ ವರ್ಷದ ಕೂಸು. ಸಾಮಾನು ಇಳಿಸಿದ ದಿವಸ ರಾತ್ರಿ ಫೋನ್ ಮಾಡಿದ್ಲು. "ಚಿಗವ್ವಾ, ಗ್ವಾಡಿಗೆ ಒಂದ ಮೊಳಿನೂ ಹೊಡಿಬ್ಯಾಡ್ರಿ ಅಂದಾರ ಮಾಲಕ್ರು. ಕಪಾಟಿಲ್ಲ, ಅಟ್ಟ ಇಲ್ಲ. ಕಬ್ಬಿಣದ ರ‍್ಯಾಕ್ ನೋಡಿದ್ರ ಏಳ ಸಾವಿರ ಅಂತಾರ. ನಾ ಎಲ್ಲಿ ಏನ್ ಇಡ್ಲಿ?" ಅಂದ್ಲು. ಆಮ್ಯಾಲೆ ಮಾತಿನ ನಡುವ, "ನನ್ನ ಬ್ಯಾಂಕ್ ಪರೀಕ್ಷಾದ ಪುಸ್ತಕ ಎಲ್ಲಾ ಅವ್ವನ ಮನ್ಯಾಗ ಬಿಟ್ಟ ಬಂದೀನಿ, ಇಲ್ಲಿ ಜಾಗಾ ಎಲ್ಲೈತಿ" ಅಂದ್ಲು. ಅದನ್ನ ಅಳಕೋತ ಹೇಳಲಿಲ್ಲ. ಸಹಜ ಹೇಳಿದ್ಲು. ನನಗ ರ‍್ಯಾಕಿನ ಮಾತಿಗಿಂತ ಅದ ಮಾತು ಎದಿಗೆ ನಾಟಿತು. ರಾತ್ರಿ ಪೂರ್ತಿ ನಿದ್ದಿ ಹತ್ತಲಿಲ್ಲ.

ಯಾಕಂದ್ರ ನನಗ ನಮ್ಮ ಸೋದರಮಾವನ ಮುಂಬಯಿ ಖೋಲಿ ನೆನಪಾತು. ಅದರಾಗ ನಮ್ಮ ಅತ್ತಿ ಹೆಂಗ ಸಂಸಾರ ಹೂಡಿದ್ಲು, ಆ ಖೋಲಿಗಳು ಹೆಂಗ ಹುಟ್ಟಿದುವು, ಎಲ್ಲಾ ಇವತ್ತ ಬರೀತೀನಿ. ಸಣ್ಣ ಬಾಡಿಗಿ ಮನಿ ಒಪ್ಪ ಮಾಡೂದು ನಮ್ಮ ಹುಡುಗ್ಯಾರಿಗೆ ಹೊಸಾದು ಅನ್ನಿಸ್ತೈತಿ. ಆದ್ರ ಅದಕ್ಕ ನೂರ ವರ್ಷಕ್ಕಿಂತ ಹೆಚ್ಚಿನ ಇತಿಹಾಸ ಐತಿ.

ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ ಕಡೆ ಎಲ್ಲಾ 1956ರ ತನಕ ಮುಂಬಯಿ ಆಡಳಿತದ ಕೆಳಗ ಇತ್ತು. ಮಳಿ ಕೈಕೊಟ್ಟ ವರ್ಷ ನಮ್ಮ ಮಂದಿ ಹೊಟ್ಟಿ ಹೊರಕೊಳ್ಳಾಕ ಮುಂಬಯಿ ಗಾಡಿ ಹತ್ತತಿದ್ರು. ಅಲ್ಲಿ ಮೊದಲನೇ ಹತ್ತಿ ಗಿರಣಿ ಹುಟ್ಟಿದ್ದು 1854ರಾಗ. ಮುಂದ ಗಿರಣಿ ಮ್ಯಾಲೆ ಗಿರಣಿ ಎದ್ದುವು, ದುಡಿಯೂ ಮಂದಿ ಸಾವಿರಗಟ್ಟಲೆ ಬಂದ್ರು. ಅವರ ಸಲುವಾಗಿ ಕಟ್ಟಿದ್ದ ಚಾಳ. ಉದ್ದಕ ಒಂದ ಪಡಸಾಲಿ, ಅದರ ಗುಂಟ ಸಾಲಾಗಿ ಖೋಲಿ, ಕೊನೀಗೆ ಎಲ್ಲಾರಿಗೂ ಸೇರಿ ಪಾಯಖಾನಿ. ಗಾಳಿ ಬೆಳಕಿಲ್ಲದ ಖೋಲ್ಯಾಗ ಹತ್ತು ಹನ್ನೆರಡು ಮಂದಿ.

1896ರಾಗ ಮುಂಬಯಿಗೆ ಪ್ಲೇಗು ಬಂತು. ಮುಂದ ಅದ ಪ್ಲೇಗು ನಮ್ಮ ಹುಬ್ಬಳ್ಳಿಗೂ ಬಂತು. 1898ರಾಗ ಹಾಫ್ಕಿನ್ ಅನ್ನೂ ವಿಜ್ಞಾನಿ ಕಂಡುಹಿಡಿದ ಪ್ಲೇಗಿನ ಸೂಜಿ ಹುಬ್ಬಳ್ಳ್ಯಾಗ ಸಾವಿರಾರು ಮಂದಿಗೆ ಹಾಕಿದ್ರು. ನಮ್ಮ ಅಜ್ಜಿಯಂಥವರು "ಪ್ಲೇಗಿನ ವರ್ಷ" ಅಂತನ ಹಳೇ ಮಾತು ಎಣಸತಿದ್ರಲ್ಲ, ಅದು ಇದ. ಮಂದಿ ಒತ್ತೊತ್ತಾಗಿ, ಕತ್ತಲ್ಯಾಗ ಇದ್ದದ್ದಕ್ಕ ರೋಗ ಹಬ್ಬತು ಅಂತ ಸರ್ಕಾರಕ್ಕ ಅನ್ನಿಸ್ತು. 1898ರಾಗ ಮುಂಬಯಿಯೊಳಗ ಸುಧಾರಣಾ ಟ್ರಸ್ಟ್ ಮಾಡಿದ್ರು, ಹೊಸಾ ಚಾಳ ಕಟ್ಟಿಸಿದ್ರು. 1920ರಾಗ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಅಂತ ಇನ್ನೊಂದು ಇಲಾಖೆ ಹುಟ್ಟಿತು. ಅದು ವರಳಿ, ನಾಯಗಾಂವ, ಶಿವಡಿ, ಡಿಲೈಲ್ ರೋಡ್ ಕಡೆ 207 ಚಾಳ ಎಬ್ಬಿಸಿತು. ನೆಲದ ಮ್ಯಾಲೆ ಮೂರ ಮಜಲಿ. ಒಂದೊಂದು ಖೋಲಿ ಸುಮಾರು 160 ಚದರ ಅಡಿ. ಇವಕ್ಕ ಬಿಡಿಡಿ ಚಾಳ ಅಂತಾರ. ವರಳಿಯ ಅಂಥಾ ಒಂದ ಖೋಲ್ಯಾಗ ನಮ್ಮ ಮಾವ ಇದ್ದ.

1980ರ ಬ್ಯಾಸಗಿ ಸೂಟ್ಯಾಗ ನಾನು, ಅವ್ವ ಅಲ್ಲಿಗೆ ಹೋಗಿದ್ವಿ. ಮಿರಜದಾಗ ಸಣ್ಣ ಗಾಡಿ ಇಳದು ದೊಡ್ಡ ಗಾಡಿ ಹತ್ತಿದ್ದು ನನಗ ಇನ್ನೂ ನೆನಪೈತಿ. ಖೋಲಿ ಬಾಗಲಾ ತಗದ ಕೂಡಲೇ ನಾ ಕೇಳಿದ್ದು, "ಅತ್ತಿ, ಒಳಗಿನ ಮನಿ ಎಲ್ಲೈತಿ?" ಅಂತ. ಎಲ್ಲಾರೂ ನಕ್ಕರು. ಒಳಗಿನ ಮನಿ ಇರಲೇ ಇಲ್ಲ, ಇದ್ದದ್ದ ಅಷ್ಟು.

ಆ 160 ಚದರ ಅಡಿ ಒಳಗ ಮಾವ, ಅತ್ತಿ, ಮೂರ ಮಕ್ಕಳು, ನಮ್ಮ ಊರಿನ ಇಬ್ಬರು ಹುಡುಗರು. ಇದರ ಮ್ಯಾಲೆ ಅತ್ತಿ ಖಾನಾವಳಿ ನಡಸತಿದ್ಲು. ಆರೇಳ ಮಂದಿ ಗಿರಣಿ ಕೆಲಸಗಾರರಿಗೆ ತಿಂಗಳ ಲೆಕ್ಕದಾಗ ಎರಡ ಹೊತ್ತು ರೊಟ್ಟಿ, ಪಲ್ಲೆ. ಇಂಥಾ ಖಾನಾವಳಿ ಗಿರಣಿ ಊರಿನ ಮನಿಮನ್ಯಾಗ ಇದ್ದುವು. ಅವನ್ನ ನಡಸೂ ಹೆಣ್ಣಮಕ್ಕಳು ಸಾಲಗಾರರ ಕೈಯಾಗ ಸಿಗಬಾರದು ಅಂತ 1975ರಾಗ ಪ್ರೇಮಾ ಪುರವ ಅನ್ನೂವರು ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದ್ರು.

ಇಷ್ಟೆಲ್ಲಾ ಒಂದ ಖೋಲ್ಯಾಗ ಹೆಂಗ ಹಿಡೀತು? ಅತ್ತಿ ಮೊದಲು ಎತ್ತರ ಬಳಸಿದ್ಲು. ತಲಿ ಮ್ಯಾಲೆ ಹಲಗಿ ಹಾಕಿ ಅಟ್ಟ ಮಾಡಿದ್ರು, ಅಲ್ಲಿ ಅದಕ್ಕ ಪೋಟಮಾಳಾ ಅಂತಾರ. ವರ್ಷಕ್ಕೊಮ್ಮೆ ಬೇಕಾಗೂ ಸಾಮಾನು ಎಲ್ಲಾ ಮ್ಯಾಲೆ. ಮಂಚದ ಕಾಲಿನ ಕೆಳಗ ಇಟ್ಟಂಗಿ ಕೊಟ್ಟು ಎತ್ತರ ಮಾಡಿದ್ರು. ಹಗಲಿ ಅದರ ಕೆಳಗ ಜ್ವಾಳದ ಚೀಲ, ರಾತ್ರಿ ಚೀಲ ಸರಿಸಿದ್ರ ಇಬ್ಬರು ಹುಡುಗರು ಮಲಗೂ ಜಾಗಾ. ಕೌದಿಗಳನ್ನ ಮುಂಜಾನೆ ಮಡಚಿ ಟ್ರಂಕಿನ ಮ್ಯಾಲೆ ಒಟ್ಟಿದ್ರ ಬಂದವರಿಗೆ ಅದ ಕುರ್ಚಿ. ಹಿಟ್ಟು, ಬ್ಯಾಳಿ ಎಲ್ಲಾ ಘಾಸಲೇಟಿನ ಚೌಕ ಡಬ್ಬ್ಯಾಗ. "ದುಂಡನ ಡಬ್ಬಿ ನಡುವ ಜಾಗಾ ಹಾಳಾಗ್ತೈತಿ, ಚೌಕಿದ್ರ ಒಂದಕ್ಕೊಂದು ಅಂಟಿ ಕೂಡ್ತಾವ" ಅಂತಿದ್ಲು. ಆ ಮಾತು ನಾ ಇವತ್ತಿಗೂ ಮರತಿಲ್ಲ.

ಎರಡನೇದು, ವ್ಯಾಳ್ಯಾ. ಗಿರಣಿಗೆ ಮೂರ ಪಾಳಿ. ಹಗಲ ಪಾಳಿಯವ ಎದ್ದು ಹೋದ ಹಾಸಿಗಿ ಮ್ಯಾಲೆ ರಾತ್ರಿ ಪಾಳಿಯವ ಬಂದು ಮಲಗತಿದ್ದ. ಖೋಲಿ ಮುಂಜಾನೆ ಅಡಗಿ ಮನಿ, ಮಧ್ಯಾಹ್ನ ಖಾನಾವಳಿ, ಸಂಜೀಕ ಮಕ್ಕಳ ಶಾಳಿ, ರಾತ್ರಿ ಮಲಗೂ ಮನಿ. ಡಾ. ಬಾಬಾಸಾಹೇಬ ಅಂಬೇಡ್ಕರರು ಪರೇಲಿನ ಡಬಕ್ ಚಾಳದ ಒಂದ ಖೋಲ್ಯಾಗ ಇದ್ದು ಓದಿದವರು. ಜಾಗಾ ಸಾಲೂದಿಲ್ಲಂತ ಅವರ ತಂದಿ ಮಗನ್ನ ಲಗೂ ಮಲಗಿಸಿ, ತಾವು ರಾತ್ರಿ ಎರಡರ ತನಕ ಎಚ್ಚರಿದ್ದು, ಎರಡಕ್ಕ ಮಗನ್ನ ಓದಾಕ ಎಬ್ಬಿಸಿ ಆಮ್ಯಾಲೆ ತಾವು ಮಲಗತಿದ್ರಂತ. ಒಂದ ಖೋಲಿ ಎರಡ ಆಗಿದ್ದು ಗ್ವಾಡಿ ಕಟ್ಟಿ ಅಲ್ಲ, ಗಡಿಯಾರ ನೋಡಿ.

ಇನ್ನ ಗ್ವಾಡಿ ಮಾತು. ಅತ್ತಿ ಗ್ವಾಡಿಗೆ ಎಷ್ಟ ಮೊಳಿ, ಎಷ್ಟ ಗೂಟ ಇದ್ದುವು ಅಂದ್ರ ಎಣಸಾಕ ಆಗತಿದ್ದಿಲ್ಲ. ಯಾರೂ ಬ್ಯಾಡ ಅಂದಿರಲಿಲ್ಲ. ಯಾಕಂದ್ರ ಒಮ್ಮೆ ಖೋಲಿ ಸಿಕ್ಕರ ಎರಡ ಮೂರ ತಲಿಮಾರು ಅಲ್ಲೇ. ಖಾಸಗಿ ಚಾಳಗಳಿಗೂ ಹಂಗ ಆತು. 1947ರ ಮುಂಬಯಿ ಬಾಡಿಗಿ ಕಾಯ್ದೆ 1940ರ ಸೆಪ್ಟೆಂಬರದಾಗ ಎಷ್ಟ ಬಾಡಿಗಿ ಇತ್ತೋ ಅದನ್ನ ಅಳತಿ ಮಾಡಿ ಹಿಡೀತು. ಬಾಡಿಗಿದಾರರನ್ನ ಬಿಡಸೂದು ಕಠಿಣ ಆತು. ಬಾಡಿಗಿ ಹೆಚ್ಚಾಗೂದಿಲ್ಲಂತ ಮಾಲಕ್ರು ರಿಪೇರಿ ಬಿಟ್ರು, ಇದ್ದವರ ತಮ್ಮ ಅಟ್ಟ ತಾವ ಹಾಕಿಕೊಂಡ್ರು.

ಈಗಿನ ಮನಿ ಹಂಗಲ್ಲ. ಹನ್ನೊಂದ ತಿಂಗಳ ಕರಾರು. ಯಾಕ ಹನ್ನೊಂದು ಅಂತ ನಾನೂ ಭಾಳ ದಿನಾ ಯೋಚನಿ ಮಾಡಿದ್ದೆ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದ ವರ್ಷಕ್ಕಿಂತ ಹೆಚ್ಚಿನ ಬಾಡಿಗಿ ಕರಾರು ನೋಂದಣಿ ಮಾಡಿಸಬೇಕು. ಆ ಖರ್ಚು, ಓಡಾಟ ಬ್ಯಾಡಂತ ಹನ್ನೊಂದಕ್ಕ ನಿಲ್ಲಸ್ತಾರ. ಹಿಂಗಾಗಿ ಅತ್ತಿ ಗ್ವಾಡಿಗೆ ಹಾಕಿದ್ದನ್ನ ನಮ್ಮ ಹುಡುಗಿ ಗ್ವಾಡಿಗೆ ಹಾಕಾಂಗಿಲ್ಲ. ಅಕಿ ತರೂದೆಲ್ಲಾ ಹೊತಗೊಂಡ ಹೋಗೂವಂಥಾದ್ದಿರಬೇಕು. ನಾನೂ ಮದುವಿ ಆದಮ್ಯಾಲೆ ಏಳ ಬಾಡಿಗಿ ಮನಿ ಬದಲಿ ಮಾಡೀನಿ. ದೊಡ್ಡ ಕಪಾಟು ತಗೊಂಡು ಮೂರನೇ ಮನಿ ಮೆಟ್ಟಲದಾಗ ಅದು ತಿರಗದ, ಕಡೀಗೆ ಅರ್ಧ ರೇಟಿಗೆ ಮಾರಿದ್ದು ನನಗ ಪಾಠ ಆಗೈತಿ.

ಇಷ್ಟು ಅತ್ತಿ ಜಾಣತನದ ಮಾತು. ಆದ್ರ ನಾ ಹೇಳಬೇಕಂದಿದ್ದು ಇನ್ನೊಂದೈತಿ.

ಆ ಖೋಲ್ಯಾಗ ಎಲ್ಲಾದಕ್ಕೂ ಒಂದ ಜಾಗಾ ಇತ್ತು. ಮಾವನ ಅಂಗಿಗೆ ಬಾಗಲದ ಹಿಂದಿನ ಗೂಟ, ಅವನ ಪೇಪರಿಗೆ ಕಿಡಕಿ ಕಟ್ಟಿ. ಮಕ್ಕಳ ಪಾಟಿಚೀಲಕ್ಕ ಮೊಳಿ. ಊರ ಹುಡುಗರ ಟ್ರಂಕಿಗೆ ಮಂಚದ ಕೆಳಗ ಮೂಲಿ. ದೇವರಿಗೆ ಫಳಿ. ಅತ್ತಿಗೆ ಒಂದ ಡಾಲ್ಡಾ ಡಬ್ಬಿ ಇತ್ತು. ಅದರಾಗ ತವರಮನಿ ಕಾಗದ, ಖಾನಾವಳಿ ಲೆಕ್ಕದ ವಹಿ, ಮತ್ತ ಒಂದ ಅರ್ಧ ಹಾಕಿದ ಕಸೂತಿ. ಅತ್ತಿ ಧಾರವಾಡದ ಹುಡುಗಿ, ಲಗ್ನಕ್ಕಿಂತ ಮೊದಲ ಅಕಿ ಕಸೂತಿ ನೋಡಾಕ ಓಣಿ ಮಂದಿ ಬರತಿದ್ರಂತ. ಆ ಡಬ್ಬಿ ಮಾತ್ರ ಒಂದ ಕಡೆ ಕೂಡಲಿಲ್ಲ. ನಾವಿದ್ದ ಇಪ್ಪತ್ತ ದಿವಸದಾಗ ಅದನ್ನ ಅಟ್ಟದ ಮ್ಯಾಲೆ ನೋಡಿದೆ, ಹಿಟ್ಟಿನ ಡಬ್ಬಿ ಹಿಂದ ನೋಡಿದೆ, ಒಂದಿನ ಮೋರಿ ಕಟ್ಟಿ ಮ್ಯಾಲೂ ನೋಡಿದೆ. ಯಾರಿಗರ ಜಾಗಾ ಬೇಕಾದ್ರ ಮೊದಲ ಎತ್ತೂದು ಅದನ್ನ. ಎತ್ತಾಕಿ ಮತ್ತ್ಯಾರೂ ಅಲ್ಲ, ಅತ್ತಿನ.

ಮಲಗೂದೂ ಹಂಗ. ಗಂಡಸರು, ಹುಡುಗರು ಒಳಗ ಸಾಲದ್ರ ಪಡಸಾಲ್ಯಾಗ ಹಾಸಕೊಂಡು ಗಾಳಿಗೆ ಮಲಗತಿದ್ರು. ಅತ್ತಿ ಎಲ್ಲಾರೂ ಮಲಗಿದ ಮ್ಯಾಲೆ, ಒಲಿ ಬಾಜೂಕ ಉಳದಿದ್ದ ಜಾಗಾದಾಗ ಕಾಲ ಮಡಚಿ. ನಳ ಬರೂದು ನಾಲ್ಕಕ್ಕ, ಅದಕ್ಕ ಏಳಾಕಿನೂ ಅಕಿನ. ಖೋಲಿಗೆ ಪಾಳಿ ಇತ್ತು ಅಂದೆನಲ್ಲ, ಆ ಪಾಳ್ಯಾಗ ಅತ್ತಿ ಪಾಳಿ ಬರಲೇ ಇಲ್ಲ. ಕಸೂತಿ ಎಳಿ ಎಣಿಸಿ ಹಾಕೂ ಕೆಲಸ. ಗಂಟು ಹಾಕಾಂಗಿಲ್ಲ, ಒಂದ ಎಳಿ ತಪ್ಪಿದ್ರ ತೇರು ಸೊಟ್ಟ. ಅದಕ್ಕ ಬೆಳಕು ಬೇಕು, ಅರ್ಧ ತಾಸಾದ್ರೂ ಯಾರೂ ಕರೀಬಾರದು. ಅಷ್ಟು ಸಿಗಲಿಲ್ಲ.

1982ರ ಜನವರಿ 18ಕ್ಕ ಮುಂಬಯಿ ಗಿರಣಿ ಮುಷ್ಕರ ಸುರುವಾತು. ಸುಮಾರು ಎರಡೂವರೆ ಲಕ್ಷ ಮಂದಿ ಕೆಲಸ ಬಿಟ್ಟು ನಿಂತ್ರು. ವರ್ಷ ದಾಟಿದ್ರೂ ಮುಗೀಲಿಲ್ಲ. ಊಟದ ಮಂದಿ ತಮ್ಮ ತಮ್ಮ ಊರಿಗೆ ಹೋದ್ರು, ಅತ್ತಿ ಖಾನಾವಳಿ ನಿಂತು ಹೋತು. 1983ರಾಗ ಮಾವ, ಅತ್ತಿ ಹುಬ್ಬಳ್ಳಿಗೆ ಬಂದ್ರು. ಒಂದ ಟ್ರಂಕು, ಒಂದ ಹಂಡೆ, ಕೌದಿ ಗಂಟು, ಮತ್ತ ಆ ಡಾಲ್ಡಾ ಡಬ್ಬಿ. ಇಲ್ಲಿನೂ ಬಾಡಿಗಿ ಮನಿ, ಇಲ್ಲಿನೂ ಅದ ಪಾಡು. ಆಮ್ಯಾಲೆ ಜಾಗಾ ಸಿಕ್ಕಾಗ ಅತ್ತಿ ಕಣ್ಣು ಮಂಜಾಗಿದ್ದುವು. ಆ ಕಸೂತಿ ಈಗ ನನ್ನ ಹತ್ರ ಐತಿ. ಆನಿ ಪೂರಾ ಐತಿ, ತೇರು ಅರ್ಧ.

ಅಂಥಾ ಚಾಳಗಳನ್ನ ಈಗ ಕೆಡವಿ ಅಲ್ಲಿದ್ದವರಿಗೆ 500 ಚದರ ಅಡಿ ಮನಿ ಕಟ್ಟಾಕ ಹತ್ತ್ಯಾರ. ಛಲೋ ಆತು. ಆದ್ರ ಚದರ ಅಡಿ ಹೆಚ್ಚಾದ್ರ ತಾನಾಗೇ ಹೆಣ್ಣಮಗಳಿಗೆ ಜಾಗಾ ಆಗ್ತೈತಿ ಅಂತ ನಾ ನಂಬೂದಿಲ್ಲ. ನಾನು ಎರಡ ಬೆಡ್‌ರೂಮಿನ ಮನ್ಯಾಗ ಇದ್ದಾಗನೂ ನನ್ನ ಹೊಲಿಗಿ ಮಷೀನು ಬಾಲ್ಕನ್ಯಾಗ ಮಳಿ ಹನಿ ತಿಂತಿತ್ತು. ಯಾರೂ ಹೊರಗ ಇಡು ಅಂದಿರಲಿಲ್ಲ. ನಾನ ಇಟ್ಟಿದ್ದೆ.

ಅದಕ್ಕ ಮರುದಿವಸ ನಮ್ಮ ಹುಡುಗಿಗೆ ಫೋನ್ ಮಾಡಿ ಹೇಳಿದೆ. "ರ‍್ಯಾಕ್ ತರಬ್ಯಾಡ. ಮನಿ ಒಪ್ಪ ಮಾಡಾಕ ಪಾತ್ರೆಯಿಂದ ಸುರು ಮಾಡಬ್ಯಾಡ, ನಿನ್ನ ಪುಸ್ತಕದಿಂದ ಸುರು ಮಾಡು. ಬೆಳಕು ಬೀಳೂ ಕಡೆ ಎರಡ ಫೂಟು ಜಾಗಾ ಗುರ್ತ ಮಾಡು. ಉಳದದ್ದೆಲ್ಲಾ ಅದನ್ನ ಬಿಟ್ಟು ಹೊಂದಿಸು." ಅಕಿ ಸುಮ್ಮನಿದ್ಲು, ಆಮ್ಯಾಲೆ "ಅವರು ಏನಂತಾರೋ" ಅಂದ್ಲು. "ಅವರ ಲ್ಯಾಪ್‌ಟಾಪಿಗೆ ಜಾಗಾ ಐತಲ್ಲೋ?" ಅಂತ ಕೇಳಿದೆ. ನಕ್ಕಳು.

ಮನಿ ಕಟ್ಟೂ ಜಾಗಾದಾಗ ಕೇಳಿ ಎಂಟ ಇಟ್ಟಂಗಿ ತಂದು ಮಂಚ ಎತ್ತರ ಮಾಡಿದ್ರು. ಹಳೇ ಬಾಜಾರದಾಗ ಆರನೂರ ರೂಪಾಯಿಗೆ ಟ್ರಂಕು ಸಿಕ್ಕತು, ಹಾಸಿಗಿ ಅದರ ಮ್ಯಾಲೆ ಮಡಚಿ ಇಡತಾರ. ಕಿರಾಣಿ ಎಲ್ಲಾ ಚೌಕ ಡಬ್ಬಿ, ಮಂಚದ ಕೆಳಗ. ಬಾಗಲದ ಮ್ಯಾಲಿಂದ ಸಿಗಿಸೂ ಕೊಕ್ಕಿಗೆ ಅರಬಿ, ಮೊಳಿ ಬೇಕಾಗಿಲ್ಲ. ಎಲ್ಲಾ ಸೇರಿ ಸಾವಿರ ರೂಪಾಯಿ ದಾಟಿಲ್ಲ. ಪಾಳಿನೂ ಮಾಡ್ಯಾರ. ರಾತ್ರಿ ಎಂಟರಿಂದ ಹತ್ತರ ತನಕ ಕಿಡಕಿ ಮೂಲಿ ಅಕೀದು, ಕೂಸು ಅಪ್ಪನ ಹತ್ರ.

ಮೊನ್ನೆ ನಮ್ಮ ಅಕ್ಕ ಪುಸ್ತಕದ ಗಂಟು ಬೆಂಗಳೂರು ಬಸ್ಸಿಗೆ ಹಾಕಿ ಬಂದ್ಲು. ಪರೀಕ್ಷಾ ಪಾಸಾಗ್ತಾಳೋ ಇಲ್ಲೋ ದೇವರಿಗೆ ಗೊತ್ತು. ಪುಸ್ತಕ ಅಂತೂ ಮನಿ ಸೇರಿದುವು.

ನೀವೂ ಇವತ್ತ ಕೆಲಸ ಮುಗಿಸಿ ಒಂದಿಷ್ಟು ನಿಂತು ನೋಡ್ರಿ. ನಿಮ್ಮ ಡಾಲ್ಡಾ ಡಬ್ಬಿ ಎಲ್ಲೈತಿ?