ಇಂಗ್ಲೆಂಡಿನ ಪ್ರಥಮ ಕಾಲ್ಚೆಂಡು ಬಟ್ಟಲು: ೧೮೭೧-೭೨ನೆಯ ಸಾಲಿನ ವಿಚಾರ

ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ ಎಂಬ ಸಂಘವು ಏರ್ಪಡಿಸಿದ ಬಟ್ಟಲಿಗಾಗಿ ೧೮೭೧-೭೨ರಲ್ಲಿ ಮೊಟ್ಟಮೊದಲು ನಡೆದ ಪಂದ್ಯಗಳ ವೃತ್ತಾಂತವನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶವು. ಕಾವ್ಯವಿಚಾರಕ್ಕೂ ಶಾಸನವಿಚಾರಕ್ಕೂ ಮೀಸಲಾದ ಪತ್ರಿಕೆಯಲ್ಲಿ ಚೆಂಡಾಟಕ್ಕೆ ಎಡೆಯೆಲ್ಲಿಯದೆಂದು ವಿದ್ವಾಂಸರು ಆಕ್ಷೇಪಿಸಬಹುದು. ಆದರೆ ಒಂದು ವಿಧಿಯು ಬರೆಹದಲ್ಲಿ ಹೇಗಿದ್ದಿತು, ಆಚರಣೆಯಲ್ಲಿ ಹೇಗೆ ನಡೆಯಿತು ಎಂಬ ಪ್ರಶ್ನೆಯು ಧರ್ಮಶಾಸ್ತ್ರಕ್ಕೆ ಎಷ್ಟು ಸಲ್ಲುವುದೋ ಆಟದ ಶಾಸ್ತ್ರಕ್ಕೂ ಅಷ್ಟೇ ಸಲ್ಲುವುದು. ಮೇಲಾಗಿ, ಸೋತವರು ಹೊರಬಿದ್ದು ಗೆದ್ದವರು ಮುಂದುವರಿಯುವ ಈ ಕ್ರಮವು ನಮ್ಮ ದೇಶಕ್ಕೂ ಬಂದು, ೧೮೮೮ರಲ್ಲಿ ಸಿಮ್ಲೆಯಲ್ಲಿ ಡ್ಯೂರಂಡ್ ಬಟ್ಟಲಾಗಿಯೂ ಬಳಿಕ ಮುಂಬಯಿಯಲ್ಲಿ ರೋವರ್ಸ್ ಬಟ್ಟಲಾಗಿಯೂ ನೆಲೆಗೊಂಡಿತು. ಈ ಎರಡನೆಯದನ್ನು ೧೯೩೭ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡದವರು ಗೆದ್ದರು. ಆದುದರಿಂದ ಇದರ ಮೂಲವನ್ನು ವಿಚಾರಿಸುವುದು ನಮಗೆ ಅಪ್ರಸ್ತುತವಾಗಲಾರದು.

೧. ಬಟ್ಟಲಿನ ಉತ್ಪತ್ತಿ

೧೮೭೧ನೆಯ ಇಸವಿ ಜುಲೈ ೨೦ನೆಯ ತಾರೀಖು ಲಂಡನ್ ನಗರದಲ್ಲಿ ‘ಸ್ಪೋರ್ಟ್ಸ್‌ಮನ್’ ಎಂಬ ವೃತ್ತಪತ್ರಿಕೆಯ ಕಚೇರಿಯಲ್ಲಿ ಸಂಘದ ಕಾರ್ಯದರ್ಶಿಯಾದ ಚಾರ್ಲ್ಸ್ ಆಲ್ಕಾಕ್ ಎಂಬುವನು, ಸಂಘಕ್ಕೆ ಸೇರಿದ ಕೂಟಗಳೆಲ್ಲವೂ ಸ್ಪರ್ಧಿಸಬಹುದಾದ ಒಂದು ಬಟ್ಟಲನ್ನು ಏರ್ಪಡಿಸಬೇಕೆಂದು ಸೂಚಿಸಿದನು. ಇವನು ಹ್ಯಾರೋ ಪಾಠಶಾಲೆಯಲ್ಲಿ ಓದಿದವನು. ಅಲ್ಲಿಯ ವಿದ್ಯಾರ್ಥಿನಿಲಯಗಳು ತಮ್ಮತಮ್ಮೊಳಗೆ ನಡೆಸುತ್ತಿದ್ದ ಪಂದ್ಯಗಳೇ ಈ ಯೋಜನೆಗೆ ಬೀಜವೆಂದು ಇತಿಹಾಸಕಾರರು ಹೇಳುವರು. ೨೦ ಪೌಂಡುಗಳ ವೆಚ್ಚದಲ್ಲಿ ಒಂದು ಚಿಕ್ಕ ಬೆಳ್ಳಿಯ ಬಟ್ಟಲು ಸಿದ್ಧವಾಯಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕ್ವೀನ್ಸ್ ಪಾರ್ಕ್ ಕೂಟದವರು ಇದಕ್ಕಾಗಿ ಒಂದು ಗಿನಿಯನ್ನು ಕಳುಹಿಸಿಕೊಟ್ಟರು. ಸಂಘದಲ್ಲಿ ಆಗ್ಗೆ ಸುಮಾರು ೫೦ ಕೂಟಗಳಿದ್ದರೂ ಸ್ಪರ್ಧೆಗೆ ಹೆಸರು ಕೊಟ್ಟವು ೧೫ ಮಾತ್ರ. ಇವುಗಳಲ್ಲಿ ಕ್ವೀನ್ಸ್ ಪಾರ್ಕ್ ಕೂಟವನ್ನೂ ಲಿಂಕನ್‌ಶೈರಿನ ಡಾನಿಂಗ್ಟನ್ ಪಾಠಶಾಲೆಯನ್ನೂ ಬಿಟ್ಟರೆ ಉಳಿದವೆಲ್ಲವೂ ಲಂಡನ್ನಿಗೂ ಅದರ ಸುತ್ತಣ ಸೀಮೆಗೂ ಸೇರಿದವು. ತನ್ನದೇ ಆದ ನಿಯಮಗಳಿಂದ ಆಡುತ್ತಿದ್ದ ಶೆಫೀಲ್ಡ್ ನಗರದ ಒಂದು ಕೂಟವೂ ಪಟ್ಟಿಯಲ್ಲಿಲ್ಲ. ‘ರಾಷ್ಟ್ರೀಯ’ವೆಂಬ ವಿಶೇಷಣವು ಆ ವರ್ಷಕ್ಕೆ ಆಶಯದಿಂದ ಸಲ್ಲುವುದೇ ಹೊರತು ವಾಸ್ತವದಿಂದಲ್ಲ.

೨. ವಿಧಿ ಮತ್ತು ಆಚರಣೆ

ಸೋತ ಪಕ್ಷವು ನಿವೃತ್ತವಾಗತಕ್ಕದ್ದೆಂಬುದೇ ಈ ಸ್ಪರ್ಧೆಯ ಮೂಲಸೂತ್ರ. ಆದರೆ ಇಬ್ಬರೂ ಸಮಸಮವಾದರೆ ಗತಿಯೇನು? ಅಂತಹ ಸಂದರ್ಭದಲ್ಲಿ ಇಬ್ಬರನ್ನೂ ಮುಂದಿನ ಸುತ್ತಿಗೆ ಕಳುಹಿಸುವುದೋ ಮತ್ತೆ ಆಡಿಸುವುದೋ ಸಮಿತಿಯ ಇಚ್ಛೆಗೆ ಸೇರಿದ್ದೆಂದು ವಿಧಿಯಲ್ಲಿದ್ದಿತು. ಶಾಸ್ತ್ರಜ್ಞರು ಇದನ್ನು ವಿಕಲ್ಪವೆನ್ನುವರು. ಈ ವಿಕಲ್ಪವೇ ಆ ಸಾಲಿನ ಇತಿಹಾಸಕ್ಕೆಲ್ಲ ಕೀಲಿಕೈಯೆಂದು ನಮ್ಮ ಅಭಿಪ್ರಾಯ.

ಸೂತ್ರವನ್ನು ಯಥಾವತ್ತಾಗಿ ಅನುಸರಿಸಿದ್ದರೆ ೧೫ ಕೂಟಗಳು ಮೊದಲು ೮, ಬಳಿಕ ೪, ಆಮೇಲೆ ೨ ಎಂದು ಇಳಿಯಬೇಕಾಗಿದ್ದಿತು. ನಡೆದದ್ದು ಹಾಗಲ್ಲ. ನವೆಂಬರ್ ೧೧ರಂದು ಆರಂಭವಾದ ಪ್ರಥಮ ಸುತ್ತಿನಲ್ಲಿ ಹಿಚಿನ್ ಮತ್ತು ಕ್ರಿಸ್ಟಲ್ ಪ್ಯಾಲೆಸ್ ಕೂಟಗಳು ಗೋಲಿಲ್ಲದೆ ಸಮಸಮವಾದುದರಿಂದ ಎರಡೂ ಮುಂದೆ ಸಾಗಿದವು. ಕ್ವೀನ್ಸ್ ಪಾರ್ಕಿನವರಿಗೂ ಡಾನಿಂಗ್ಟನ್ನಿನವರಿಗೂ ದಿನ ಗೊತ್ತುಮಾಡುವುದರಲ್ಲಿಯೇ ಹೊಂದಿಕೆಯಾಗದೆ, ಅವರು ಆಡದೆಯೇ ಇಬ್ಬರೂ ಮುಂದೆ ಸಾಗಿದರು. ಹೀಗೆ ಎರಡನೆಯ ಸುತ್ತಿಗೆ ೮ರ ಬದಲು ೧೦ ಕೂಟಗಳಾದವು. ಮೂರನೆಯದಕ್ಕೆ ೫ ಉಳಿದವು. ಅಲ್ಲಿ ಮತ್ತೆ ವಾಂಡರರ್ಸ್ ಮತ್ತು ಕ್ರಿಸ್ಟಲ್ ಪ್ಯಾಲೆಸ್ ಸಮಸಮವಾಗಲು ಇಬ್ಬರನ್ನೂ ಮುಂದೆ ಬಿಟ್ಟುದರಿಂದಲೇ ಉಪಾಂತ್ಯಕ್ಕೆ ಬೇಕಾದ ೪ರ ಸಂಖ್ಯೆಯು ತುಂಬಿತು. ಆದರೆ ಬಾರ್ನ್ಸ್ ಮತ್ತು ಹ್ಯಾಂಪ್‌ಸ್ಟೆಡ್ ಹೀದನ್ಸ್ ಕೂಟಗಳು ೧-೧ರಂತೆ ಸಮಸಮವಾದಾಗ ಮಾತ್ರ ಮತ್ತೆ ಆಡಿಸಿ, ಬಾರ್ನ್ಸ್ ಕೂಟವನ್ನು ಹೊರಗೆ ಕಳುಹಿಸಿದರು. ಒಂದೇ ವಿಧಿ, ಒಂದೇ ಸಾಲು, ಫಲಗಳು ಮಾತ್ರ ಬೇರೆಬೇರೆ.

೩. ಕ್ವೀನ್ಸ್ ಪಾರ್ಕಿನವರ ಪ್ರಯಾಣ

ಗ್ಲಾಸ್ಗೋ ನಗರದ ಈ ಕೂಟದ ಕಥೆಯು ಎಲ್ಲಕ್ಕಿಂತಲೂ ವಿಚಿತ್ರವಾದುದು. ಮೊದಲ ಸುತ್ತಿನಲ್ಲಿ ಪಂದ್ಯ ನಡೆಯಲಿಲ್ಲ. ಎರಡನೆಯದರಲ್ಲಿ ಡಾನಿಂಗ್ಟನ್ನಿನವರು ಹಿಂದೆಗೆದರು. ಮೂರನೆಯದರಲ್ಲಿ ಎದುರಾಳಿಯೇ ಇರಲಿಲ್ಲ. ಒಂದು ಸಲವೂ ಚೆಂಡನ್ನು ಮುಟ್ಟದೆ ಅವರು ಉಪಾಂತ್ಯಕ್ಕೆ ಬಂದರು. ಅದಕ್ಕಾಗಿ ವಂತಿಗೆ ಕೂಡಿಸಿ ಲಂಡನ್ನಿನವರೆಗೆ ಪ್ರಯಾಣ ಮಾಡಿ, ೧೮೭೨ನೆಯ ಮಾರ್ಚಿ ೫ರಂದು ಕೆನ್ನಿಂಗ್ಟನ್ ಓವಲ್ ಮೈದಾನದಲ್ಲಿ ವಾಂಡರರ್ಸ್ ಕೂಟವನ್ನು ಎದುರಿಸಿದರು. ಇಬ್ಬರೂ ಗೋಲು ಹೊಡೆಯಲಿಲ್ಲ. ಮತ್ತೆ ಆಡಬೇಕಾಗಿದ್ದಿತು; ಆದರೆ ಲಂಡನ್ನಿನಲ್ಲಿ ತಂಗುವುದಕ್ಕಾಗಲಿ ಊರಿಗೆ ಹೋಗಿ ಪುನಃ ಬರುವುದಕ್ಕಾಗಲಿ ಅವರಲ್ಲಿ ಹಣವಿರಲಿಲ್ಲ. ಒಂದು ಪಂದ್ಯವನ್ನೂ ಸೋಲದೆ, ತಮ್ಮ ವಿರುದ್ಧ ಒಂದು ಗೋಲೂ ಆಗಗೊಡದೆ, ಅವರು ಸ್ಪರ್ಧೆಯಿಂದ ನಿವೃತ್ತರಾದರು. ಬಟ್ಟಲಿಗೆ ಗಿನಿಯನ್ನಿತ್ತವರಿಗೆ ರೈಲಿನ ಬಾಡಿಗೆ ಸಾಲದೆ ಹೋಯಿತು. ಸ್ಪರ್ಧೆಯು ಎಲ್ಲರಿಗೂ ತೆರೆದುದೆಂದು ವಿಧಿಯು ಸಾರಿತು. ಯಾರು ಬರಬಲ್ಲರೆಂಬುದನ್ನು ದೂರವೂ ಧನವೂ ನಿರ್ಣಯಿಸಿದವು.

೪. ಅಂತಿಮ ಪಂದ್ಯ

ಅಂತಿಮ ಪಂದ್ಯವು ಮಾರ್ಚಿ ೧೬ರಂದು ಅದೇ ಮೈದಾನದಲ್ಲಿ ಸುಮಾರು ೨,೦೦೦ ಪ್ರೇಕ್ಷಕರ ಮುಂದೆ ನಡೆಯಿತು. ಪ್ರವೇಶಧನ ಒಂದು ಷಿಲ್ಲಿಂಗು. ಗೋಲಿನ ಕಂಬಗಳ ಮೇಲೆ ಅಡ್ಡಮರಕ್ಕೆ ಬದಲಾಗಿ ಒಂದು ಪಟ್ಟಿಯನ್ನು ಕಟ್ಟಿದ್ದರು, ಹಿಂದೆ ಬಲೆಯಿರಲಿಲ್ಲ, ಪ್ರತಿಯೊಂದು ಗೋಲಾದ ಕೂಡಲೇ ಪಕ್ಷಗಳು ದಿಕ್ಕನ್ನು ಬದಲಾಯಿಸತಕ್ಕದ್ದಾಗಿದ್ದಿತು. ವಾಂಡರರ್ಸ್ ಕೂಟಕ್ಕೆ ಎದುರಾಗಿ ನಿಂತವರು ರಾಯಲ್ ಎಂಜಿನಿಯರ್ಸ್ ಎಂಬ ಸೈನ್ಯಾಧಿಕಾರಿಗಳು. ಒಬ್ಬರಿಂದೊಬ್ಬರಿಗೆ ಚೆಂಡನ್ನು ಸಾಗಿಸುತ್ತ ಕೂಡಿ ಆಡುವುದರಲ್ಲಿ ಇವರು ಹೆಸರಾದವರು. ಅಲ್ಲಿಯವರೆಗೆ ೧೧ ಗೋಲುಗಳನ್ನು ಹೊಡೆದು, ಒಂದನ್ನೂ ಬಿಟ್ಟುಕೊಡದೆ ಬಂದವರು. ಗೆಲ್ಲುವವರು ಇವರೇ ಎಂದು ಜನರ ಎಣಿಕೆ. ಆದರೆ ಮೊದಲ ಹತ್ತು ನಿಮಿಷಗಳಲ್ಲಿಯೇ ಅವರ ಪಕ್ಷದ ಎಡ್ಮಂಡ್ ಕ್ರೆಸ್ವೆಲ್ ಎಂಬಾತನ ಕೊರಳೆಲುಬು ಮುರಿಯಿತು. ಬದಲು ಆಟಗಾರರನ್ನು ಇಳಿಸುವ ಪದ್ಧತಿ ಆಗಿರಲಿಲ್ಲ. ಆತನು ನೋವನ್ನು ಸಹಿಸಿಕೊಂಡು ಕಡೆಯವರೆಗೂ ಕಣದಲ್ಲಿಯೇ ಇದ್ದನು. ಹದಿನೈದನೆಯ ನಿಮಿಷದ ಸುಮಾರಿಗೆ ವಾಂಡರರ್ಸ್ ಪಕ್ಷದ ವೈಡಲ್ ಎಂಬುವನು ಚೆಂಡನ್ನು ಎಬ್ಬಿಸಿಕೊಂಡು ಬಂದು ಕೊಡಲು, ಇನ್ನೊಬ್ಬನು ಅದನ್ನು ಗೋಲಿಗೆ ಸೇರಿಸಿದನು. ಪಂದ್ಯದಲ್ಲಿ ಆದ ಗೋಲು ಇದೊಂದೇ.

ಗೋಲು ಹೊಡೆದವನ ಹೆಸರು ‘ಎ. ಎಚ್. ಚೆಕರ್’ ಎಂದು ದಾಖಲಾಯಿತು. ಇದು ಅಂಕಿತವೇ ಹೊರತು ನಿಜನಾಮವಲ್ಲ. ಈತನು ಮಾರ್ಟನ್ ಬೆಟ್ಸ್. ಹ್ಯಾರೋ ಚೆಕರ್ಸ್ ಎಂಬ ಕೂಟಕ್ಕೆ ಸೇರಿದವನಾದುದರಿಂದ ‘ಹ್ಯಾರೋ ಚೆಕರ್ಸಿನವನೊಬ್ಬ’ ಎಂಬರ್ಥ ಬರುವಂತೆ ಹೆಸರು ಕೊಟ್ಟನು. ಕೂಡಲಸಂಗಮದೇವನ ಅಂಕಿತದಿಂದ ಬಸವಣ್ಣನವರ ವಚನಗಳನ್ನು ಗುರುತಿಸುವ ನಮಗೆ ಇದು ಹೊಸತಲ್ಲ. ಅಲ್ಲಿ ಅಂಕಿತವು ಇಷ್ಟದೈವವನ್ನು ಸೂಚಿಸುವುದು, ಇಲ್ಲಿ ಬಳಗವನ್ನು ಸೂಚಿಸಿತು, ಅಷ್ಟೇ ಭೇದ. ಗಮನಿಸತಕ್ಕ ಸಂಗತಿಯೇನೆಂದರೆ, ಮೊದಲ ಸುತ್ತಿನಲ್ಲಿ ವಾಂಡರರ್ಸ್ ಕೂಟಕ್ಕೆ ಎದುರಾಗಬೇಕಾಗಿದ್ದು, ಆಡದೆ ಹಿಂದೆಗೆದುಕೊಂಡವರು ಇದೇ ಹ್ಯಾರೋ ಚೆಕರ್ಸಿನವರು. ಎದುರಾಳಿಯಾಗಬೇಕಾಗಿದ್ದವನ ಕಾಲಿನಿಂದಲೇ ಬಟ್ಟಲು ಬಂದಿತು.

೫. ಪೂರ್ವಪಕ್ಷ ಮತ್ತು ಸಿದ್ಧಾಂತ

ವಾಂಡರರ್ಸ್ ಕೂಟದವರು ಅಂತಿಮ ಪಂದ್ಯಕ್ಕೆ ಮುಂಚೆ ನಾಲ್ಕು ಸುತ್ತುಗಳನ್ನು ದಾಟಿದರು. ಒಂದರಲ್ಲಿ ಎದುರಾಳಿ ಬರಲಿಲ್ಲ; ಎರಡರಲ್ಲಿ ಸಮಸಮ; ಆಡಿ ಗೆದ್ದದ್ದು ಕ್ಲಾಪಮ್ ರೋವರ್ಸ್ ಕೂಟದ ಮೇಲೆ ೩-೧ರಿಂದ ಒಂದೇ ಒಂದು. ಇದರ ಮೇಲೆ ಆ ಕೂಟದ ನಾಯಕನು ಆಲ್ಕಾಕನೇ: ಸ್ಪರ್ಧೆಯನ್ನು ಸೂಚಿಸಿದವನೂ ಅವನೇ, ಸಂಘದ ಕಾರ್ಯದರ್ಶಿಯೂ ಅವನೇ. ಆದುದರಿಂದ ಈ ಜಯವು ಯೋಗ್ಯತೆಯಿಂದ ಬಂದುದಲ್ಲ, ಪಕ್ಷಪಾತದಿಂದ ಬಂದುದೆಂಬುದು ಪೂರ್ವಪಕ್ಷ.

ಇದು ಪರೀಕ್ಷೆಗೆ ನಿಲ್ಲಲಾರದು. ವಿಕಲ್ಪದ ಪ್ರಯೋಜನವು ವಾಂಡರರ್ಸ್ ಕೂಟಕ್ಕೆ ಮಾತ್ರ ಆಗಲಿಲ್ಲ. ಹಿಚಿನ್, ಡಾನಿಂಗ್ಟನ್, ಕ್ವೀನ್ಸ್ ಪಾರ್ಕ್ ಇವರಿಗೂ ಆಯಿತು. ಕ್ರಿಸ್ಟಲ್ ಪ್ಯಾಲೆಸಿಗೆ ಎರಡು ಸಲ ಆಯಿತು. ಬೆಟ್ಸನ ಕೂಟವು ಒಂದು ಪಂದ್ಯವನ್ನೂ ಆಡದೆ ಬಿಟ್ಟುದರಿಂದ ಅವನು ಎರಡು ಪಕ್ಷಗಳಿಗೆ ಆಡಿದಂತಾಗಲಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಒಂದು ಗೋಲನ್ನೂ ಬಿಟ್ಟುಕೊಡದಿದ್ದ ಪಕ್ಷವನ್ನು ಕಣದಲ್ಲಿ ಎದುರಿಸಿ ಅವರು ಗೆದ್ದರು. ದೋಷವಿದ್ದರೆ ಅದು ಗೆದ್ದವರದಲ್ಲ, ಸಮಸಮದ ಪ್ರಶ್ನೆಯನ್ನು ಇಚ್ಛೆಗೆ ಬಿಟ್ಟ ವಿಧಿಯದು. ಒಬ್ಬನೇ ವಿಧಾಯಕನೂ ಸ್ಪರ್ಧಿಯೂ ಆಗಿರುವಲ್ಲಿ ಅಂತಹ ವಿಕಲ್ಪವು ನಿರ್ದೋಷಿಯ ಮೇಲೂ ಸಂಶಯವನ್ನು ತರುವುದು. ಇಚ್ಛೆಗೆ ಎಡೆಯಿಲ್ಲದಂತೆ ವಿಧಿಯನ್ನು ಬರೆಯಬೇಕೆಂಬ ನೀತಿಯು ಇಲ್ಲಿಂದ ದೊರೆಯುವುದು. ಆ ಪ್ರಶ್ನೆಯಾದರೂ ಬಹುಕಾಲ ಉಳಿಯಿತು: ಪ್ರಧಾನ ಸುತ್ತುಗಳಲ್ಲಿ ಸಮಸಮವಾದ ಪಂದ್ಯವನ್ನು ಮತ್ತೊಂದು ದಿನ ಆಡಿಸುವ ಪದ್ಧತಿಯನ್ನು ಸಂಪೂರ್ಣವಾಗಿ ಕೈಬಿಟ್ಟದ್ದು ೨೦೨೪-೨೫ನೆಯ ಸಾಲಿನಿಂದ.

ಕ್ವೀನ್ಸ್ ಪಾರ್ಕಿನವರ ಪ್ರಯಾಣವೂ ವ್ಯರ್ಥವಾಗಲಿಲ್ಲ. ಅದೇ ವರ್ಷ ನವೆಂಬರ್ ೩೦ರಂದು ಗ್ಲಾಸ್ಗೋದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ದೇಶಗಳು ಪ್ರಥಮ ಅಂತರರಾಷ್ಟ್ರೀಯ ಪಂದ್ಯವನ್ನು ಆಡಿದಾಗ ಸ್ಕಾಟ್ಲೆಂಡಿನ ಹನ್ನೊಂದು ಮಂದಿಯೂ ಆ ಕೂಟದವರೇ ಆಗಿದ್ದರು. ಅದೂ ಗೋಲಿಲ್ಲದೆ ಸಮಸಮವಾಯಿತು. ಇನ್ನು ಆ ಬಟ್ಟಲಾದರೋ ೧೮೯೫ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ಅಂಗಡಿಯೊಂದರಲ್ಲಿ ಪ್ರದರ್ಶನಕ್ಕಿಟ್ಟಿದ್ದಾಗ ಕಳುವಾಗಿ ಮತ್ತೆ ಸಿಕ್ಕಲಿಲ್ಲ. ಬೆಳ್ಳಿ ಹೋಯಿತು, ಅದಕ್ಕಾಗಿ ಏರ್ಪಟ್ಟ ಕ್ರಮವು ಮಾತ್ರ ಇಂದಿಗೂ ನಡೆದುಬಂದಿದೆ.