ಕಲ್ಯಾಣಿಗೆ ದೊರೆತ ನ್ಯಾಯ

ಸಿಂಗಪುರದ ಪೂರ್ವದಂಚಿನಲ್ಲಿ, ವಿಮಾನ ನಿಲ್ದಾಣಕ್ಕೆ ಅನತಿ ದೂರದಲ್ಲಿ, ಚಾಂಗಿ ಬಿಸಿನೆಸ್ ಪಾರ್ಕ್ ಎಂಬ ಕಚೇರಿಗಳ ಬಡಾವಣೆಯಿದೆ. 1997ರಲ್ಲಿ ಆರಂಭವಾದ ಈ ಬಡಾವಣೆಯಲ್ಲಿ ಬ್ಯಾಂಕುಗಳ ಹಾಗೂ ತಂತ್ರಜ್ಞಾನ ಸಂಸ್ಥೆಗಳ ಗಾಜಿನ ಕಟ್ಟಡಗಳು ಸಾಲುಗಟ್ಟಿ ನಿಂತಿವೆ. ಮಧ್ಯಾಹ್ನ ಇಲ್ಲಿಯ ಫುಡ್ ಕೋರ್ಟಿನಲ್ಲಿ ಕುಳಿತರೆ ಭಾರತದ ಹಲವು ಭಾಷೆಗಳು ಕಿವಿಗೆ ಬೀಳುತ್ತವೆ. ಅವುಗಳ ನಡುವೆ ಮೈಸೂರಿನ ಕನ್ನಡವೂ ಉಂಟು, ಧಾರವಾಡದ ಕನ್ನಡವೂ ಉಂಟು. ಹೊಟ್ಟೆಪಾಡಿಗೆ ಬ್ಯಾಂಕೊಂದರ ಕಂಪ್ಯೂಟರ್ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ನಾನು ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಸಂಗೀತದ ಸೀನಿಯರ್ ಪರೀಕ್ಷೆ ಮುಗಿಸಿದವನು. ಈ ಒಂದೇ ಅರ್ಹತೆಯ ಮೇಲೆ, ಇಲ್ಲಿಯ ಕನ್ನಡ ಗೆಳೆಯರು ರಾಜ್ಯೋತ್ಸವದ ಅಂಗವಾಗಿ ಏರ್ಪಡಿಸಿದ್ದ ಮಕ್ಕಳ ಗಾಯನ ಸ್ಪರ್ಧೆಗೆ ನನ್ನನ್ನು ತೀರ್ಪುಗಾರರಲ್ಲೊಬ್ಬನನ್ನಾಗಿ ಕೂರಿಸಿದರು.

ಅಂಕಪಟ್ಟಿಯನ್ನು ಸಿದ್ಧಪಡಿಸಿದವನೂ ನಾನೇ. ಶ್ರುತಿ, ಲಯ, ಸಾಹಿತ್ಯಶುದ್ಧಿ, ಉಚ್ಚಾರಣೆ, ಭಾವ ಎಂದು ಐದು ಅಂಕಣ. ಒಂದೊಂದಕ್ಕೆ ಹತ್ತು ಅಂಕ. ಹದಿಮೂರರ ಹುಡುಗಿಯೊಬ್ಬಳು ಕಲ್ಯಾಣಿ ರಾಗದ ಕೃತಿಯೊಂದನ್ನು ಎಲ್ಲಿಯೂ ಮುಗ್ಗರಿಸದೆ ಹಾಡಿ ಮೊದಲ ಬಹುಮಾನ ಪಡೆದಳು. ಹನ್ನೊಂದರ ಹುಡುಗನೊಬ್ಬ ಶಿಶುನಾಳ ಶರೀಫರ ತತ್ತ್ವಪದವೊಂದನ್ನು ತುಸು ಒಡಕು ದನಿಯಲ್ಲಿ, ಶ್ರುತಿಗೆ ಎರಡು ಕಡೆ ಜಾರಿ, ಆದರೆ ಸಭೆಯೆಲ್ಲ ಉಸಿರು ಬಿಗಿಹಿಡಿದು ಕೇಳುವಂತೆ ಹಾಡಿದ. ಅವನಿಗೆ ಯಾವ ಬಹುಮಾನವೂ ಬರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ, ನವಲಗುಂದದ ಕಡೆಯಿಂದ ಮಗನ ಮನೆಗೆ ಬಂದಿದ್ದ ಆ ಹುಡುಗನ ಅಜ್ಜ ನನ್ನ ಬಳಿಗೆ ಬಂದರು. "ಲೆಕ್ಕ ಬರೋಬ್ಬರಿ ಐತ್ರಿ ಸರ. ಆದ್ರ ಲೆಕ್ಕ ಹಾಕೋ ಗದ್ದಲದಾಗ ಹಾಡು ಕೇಳಾಕ ಮರ್ತ್ರೇನ್ರಿ?" ಎಂದು ಕೇಳಿ, ನಗುತ್ತಲೇ ಕೈಮುಗಿದು ಹೊರಟುಹೋದರು.

ಮರುದಿನ ಊಟದ ವೇಳೆಯಲ್ಲಿ ಈ ಪ್ರಸಂಗವನ್ನು ಕಿರಿಯ ಸಹೋದ್ಯೋಗಿಯೊಬ್ಬರಿಗೆ ಹೇಳಿದೆ. ಅವರೂ ನಮ್ಮ ಮೈಸೂರಿನವರೇ. "ಅಯ್ಯೋ ಬಿಡಿ ಸಾರ್, ಸಂಗೀತ ಅಂದ್ರೆ ಅವರವರ ರುಚಿ. ಅದರಲ್ಲಿ ಸರಿ ತಪ್ಪು ಎಲ್ಲಿಂದ ಬರುತ್ತೆ?" ಎಂದು ಸಮಾಧಾನ ಹೇಳಿದರು. ಲೋಕೋ ಭಿನ್ನರುಚಿಃ ಎಂಬ ಹಳೆಯ ಮಾತು ನನಗೂ ತಿಳಿಯದ್ದಲ್ಲ. ಆದರೂ ಮನಸ್ಸು ಒಪ್ಪಲಿಲ್ಲ. ಬರಿಯ ರುಚಿಯ ಮಾತಾಗಿದ್ದರೆ ನಾನು ತಪ್ಪು ಮಾಡಿದೆನೆಂಬ ಅಳುಕಾದರೂ ನನಗೇಕೆ ಬರಬೇಕಿತ್ತು? ಈ ಪ್ರಶ್ನೆಯನ್ನು ಹಿಡಿದು ನಮ್ಮ ಸಂಗೀತದ ಇತಿಹಾಸವನ್ನು ಮತ್ತೊಮ್ಮೆ ತಿರುವಿಹಾಕಿದಾಗ ಕಂಡ ಕೆಲವು ಸಂಗತಿಗಳನ್ನು ಸಹೃದಯ ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಂಕಪಟ್ಟಿಯ ಕಲ್ಪನೆ ನಮಗೆ ಹೊಸದೇನೂ ಅಲ್ಲ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ 'ಸಂಗೀತರತ್ನಾಕರ'ದಲ್ಲಿ ಗಾಯಕರ ಗುಣಗಳನ್ನು ಹೇಳಿ, ಇಪ್ಪತ್ತೈದು ದೋಷಗಳನ್ನೂ ಪಟ್ಟಿಮಾಡಿದ್ದಾನೆ. ಹಲ್ಲು ಕಚ್ಚಿಕೊಂಡು ಹಾಡುವವನು, ಹೆದರುತ್ತ ಹಾಡುವವನು, ಕಾಗೆಯಂತೆ ಕರ್ಕಶವಾಗಿ ಹಾಡುವವನು, ತಾಳ ತಪ್ಪುವವನು, ಒಂಟೆಯಂತೆ ಕತ್ತು ನೀಡುವವನು, ಕಣ್ಣು ಮುಚ್ಚಿ ಹಾಡುವವನು, ಮೂಗಿನಿಂದ ಹಾಡುವವನು ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಆದರೆ ಅದೇ ಗ್ರಂಥಕಾರನು ಗಾಯಕರನ್ನು ಶಿಕ್ಷಾಕಾರ, ಅನುಕಾರ, ರಸಿಕ, ರಂಜಕ, ಭಾವುಕ ಎಂದು ಐದು ಬಗೆಯಾಗಿಯೂ ವಿಂಗಡಿಸುತ್ತಾನೆ. ಚೆನ್ನಾಗಿ ಕಲಿಸಬಲ್ಲವನು ಬೇರೆ, ಇನ್ನೊಬ್ಬರ ವರಸೆಯನ್ನು ಅನುಸರಿಸುವವನು ಬೇರೆ, ತಾನೇ ರಸದಲ್ಲಿ ಮುಳುಗುವವನು ಬೇರೆ, ಕೇಳುಗರನ್ನು ರಂಜಿಸುವವನು ಬೇರೆ ಎಂಬ ವಿವೇಕ ಅವನಿಗಿತ್ತು. ದೋಷಗಳನ್ನು ಎಣಿಸಬಹುದು, ದೋಷಗಳಿಲ್ಲದ ಮಾತ್ರಕ್ಕೆ ಹಾಡು ದೊಡ್ಡದಾಗದು. ಹದಿನೈದನೆಯ ಶತಮಾನದಲ್ಲಿ ಈ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಕಲ್ಲಿನಾಥನು ನಮ್ಮ ವಿಜಯನಗರದವನೆಂಬುದು ಇಲ್ಲಿ ಸ್ಮರಣೀಯ.

ಅದೇ ವಿಜಯನಗರದಲ್ಲಿ, 1550ರಲ್ಲಿ, ಅಳಿಯ ರಾಮರಾಯನ ಪ್ರೇರಣೆಯಿಂದ ರಾಮಾಮಾತ್ಯನು 'ಸ್ವರಮೇಳಕಲಾನಿಧಿ'ಯನ್ನು ರಚಿಸಿದನು. ಸಂಗೀತದಲ್ಲಿ ಲಕ್ಷಣಕ್ಕಿಂತ ಲಕ್ಷ್ಯವೇ, ಅಂದರೆ ಪುಸ್ತಕದ ನಿಯಮಕ್ಕಿಂತ ಹಾಡುಗಾರಿಕೆಯ ರೂಢಿಯೇ ಮುಖ್ಯವೆಂದು ಸಾರಿದ ಉದಾರ ಬುದ್ಧಿಯ ವಿದ್ವಾಂಸ ಆತ. ಆದರೂ ರಾಗಗಳನ್ನು ಉತ್ತಮ, ಮಧ್ಯಮ, ಅಧಮ ಎಂದು ಮೂರು ಪಂಕ್ತಿಗಳಲ್ಲಿ ಕೂರಿಸದೆ ಬಿಡಲಿಲ್ಲ. ಗೀತ, ಪ್ರಬಂಧ, ಠಾಯ, ಆಲಾಪಗಳಿಗೆ ಒದಗುವವು ಉತ್ತಮ. ಒದಗದೆ ಪಾಮರರನ್ನು ಮರುಳುಗೊಳಿಸುವವು ಅಧಮ ಎಂಬುದು ಅವನ ಒರೆಗಲ್ಲು.

ಮುಂದಿನ ಶತಮಾನದಲ್ಲಿ ತಂಜಾವೂರಿನ ನಾಯಕ ಅರಸರ ಆಸ್ಥಾನದಲ್ಲಿ ವೆಂಕಟಮಖಿಯು 'ಚತುರ್ದಂಡೀಪ್ರಕಾಶಿಕೆ'ಯನ್ನು ಬರೆದನು. ತಂಜಾವೂರಿನಲ್ಲಿ ಮಂತ್ರಿಯಾಗಿ ಹೆಸರಾದ ಕನ್ನಡ ಮನೆತನದ ಗೋವಿಂದ ದೀಕ್ಷಿತನ ಮಗನೀತ. ಎಪ್ಪತ್ತೆರಡು ಮೇಳಗಳ ಚೌಕಟ್ಟನ್ನು ಕೊಟ್ಟ ಈ ಮಹಾಮತಿಯು ರಾಮಾಮಾತ್ಯನನ್ನು ಕಟುವಾಗಿ ಖಂಡಿಸಿದನು. ಆದರೆ ರಾಗಗಳಿಗೆ ಯೋಗ್ಯತಾಪತ್ರ ಕೊಡುವ ಚಾಳಿಯನ್ನು ಮಾತ್ರ ತಾನೂ ಬಿಡಲಿಲ್ಲ. ಅವನ ತೀರ್ಪಿನಲ್ಲಿ ಗೀತ, ಠಾಯ, ಪ್ರಬಂಧಗಳಿಗೆ ಅರ್ಹವಲ್ಲದ, ತುರುಷ್ಕರಿಗೆ ಪ್ರಿಯವಾದ ಒಂದು ರಾಗವಿತ್ತು. ಓದುಗರೇ, ಆ ರಾಗ ಬೇರೆ ಯಾವುದೂ ಅಲ್ಲ, ಕಲ್ಯಾಣಿ!

ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಕೆಲಹೊತ್ತು ಸುಮ್ಮನೆ ಕುಳಿತೆ. ನಾನು ಮೊದಲ ಬಹುಮಾನ ಕೊಟ್ಟ ಆ ಹುಡುಗಿ ಹಾಡಿದ್ದೂ ಕಲ್ಯಾಣಿಯನ್ನೇ. ತ್ಯಾಗರಾಜರೂ ಶ್ಯಾಮಾಶಾಸ್ತ್ರಿಗಳೂ ಕಲ್ಯಾಣಿಯಲ್ಲಿ ಕೃತಿಗಳನ್ನು ರಚಿಸಿದರು. ವೆಂಕಟಮಖಿಯ ಸಂಪ್ರದಾಯವನ್ನೇ ಅನುಸರಿಸಿದ ಮುತ್ತುಸ್ವಾಮಿ ದೀಕ್ಷಿತರೂ ತಮ್ಮ ಕಮಲಾಂಬಾ ನವಾವರಣ ಕೃತಿಗಳಲ್ಲಿ ಒಂದನ್ನು ಇದೇ ರಾಗಕ್ಕೆ ಮೀಸಲಿಟ್ಟರು. ಇಂದು ಕಲ್ಯಾಣಿಯನ್ನು ವಿಸ್ತರಿಸಲಾರದವನನ್ನು ಯಾರೂ ವಿದ್ವಾಂಸನೆಂದು ಒಪ್ಪರು. ವೆಂಕಟಮಖಿಯ ಶ್ರುತಿಜ್ಞಾನದಲ್ಲಿ ಲೋಪವಿರಲಿಲ್ಲ, ಲೆಕ್ಕದಲ್ಲಿ ತಪ್ಪಿರಲಿಲ್ಲ. ಹಳೆಯ ರಚನಾಪ್ರಕಾರಗಳಿಗೆ ಒಗ್ಗದ್ದು ಎಂದೆಂದಿಗೂ ಕೀಳೆಂದೂ, ಪರಕೀಯರಿಗೆ ಪ್ರಿಯವಾದದ್ದು ಹಗುರವೆಂದೂ ಬಗೆದದ್ದೇ ಅವನ ತೊಡಕು. ತನ್ನ ಕಾಲದ ಅಭಿರುಚಿಯನ್ನು ಅವನು ಶಾಸ್ತ್ರವೆಂದು ನಂಬಿದ. ಮುಂದಿನ ಪೀಳಿಗೆಯ ಗಾಯಕರು ಹಾಡಿಯೇ ಆ ತೀರ್ಪನ್ನು ತಿದ್ದಿದರು.

ಇಂತಹ ತಿದ್ದುಪಡಿ ನಮ್ಮ ತಂದೆತಾತಂದಿರ ಕಾಲದಲ್ಲಿಯೂ ನಡೆದಿದೆ. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಮ್ಮನ್ನು ತನ್ನ ಪ್ರಸಾರದಿಂದ ಬಹಿಷ್ಕರಿಸಿತು. ಕೊಟ್ಟ ಕಾರಣ ಸುಳ್ಳಾಗಿರಲಿಲ್ಲ. ಸಪ್ತಕಕ್ಕೆ ಹನ್ನೆರಡು ಕಟ್ಟಿಟ್ಟ ಮನೆಗಳುಳ್ಳ ಆ ವಾದ್ಯದಲ್ಲಿ ಮೀಂಡಾಗಲಿ ಗಮಕವಾಗಲಿ ಮೂಡದು. ಸೂಕ್ಷ್ಮ ಶ್ರುತಿಗಳು ಅದರಲ್ಲಿಲ್ಲ. ಹಾಗಿದ್ದೂ ಉತ್ತರ ಕರ್ನಾಟಕದ ನಾಟಕ ಕಂಪೆನಿಗಳೂ ಭಜನಾ ಮಂಡಳಿಗಳೂ ಹಾರ್ಮೋನಿಯಮ್ಮನ್ನು ಕೈಬಿಡಲಿಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು, ಬೆಳಗಾವಿಯ ರಾಮಭಾವು ಬಿಜಾಪುರೆಯವರು ಅದೇ ಪೆಟ್ಟಿಗೆಯಿಂದ ಎಂತಹ ನಾದವನ್ನು ಹೊರಡಿಸಿದರೆಂಬುದನ್ನು ಕೇಳಿದವರು ಬಲ್ಲರು. ಕಡೆಗೆ 1970ರ ದಶಕದ ಆರಂಭದಲ್ಲಿ ಆಕಾಶವಾಣಿ ತನ್ನ ಕಟ್ಟನ್ನು ಭಾಗಶಃ ಸಡಿಲಿಸಿತು. ವಾದ್ಯದ ಮಿತಿಯನ್ನು ಅಳೆದವರು ಅಳತೆಯಲ್ಲಿ ತಪ್ಪಲಿಲ್ಲ. ಮಿತಿಯೊಳಗೆ ಕಲಾವಿದನೊಬ್ಬ ಏನು ಮಾಡಬಲ್ಲನೆಂಬುದು ಅವರ ಅಳತೆಗೆ ಸಿಕ್ಕಲಿಲ್ಲ, ಅಷ್ಟೆ.

ಗಂಗೂಬಾಯಿ ಹಾನಗಲ್ ಅವರ ಕಂಠದ ಕಥೆಯೂ ಇಂಥದೇ. 1913ರಲ್ಲಿ ಧಾರವಾಡದಲ್ಲಿ ಜನಿಸಿ, ಕುಂದಗೋಳದ ಸವಾಯಿ ಗಂಧರ್ವರಲ್ಲಿ ಕಲಿತ ಅವರ 1930ರ ದಶಕದ ಧ್ವನಿಮುದ್ರಿಕೆಗಳಲ್ಲಿ ಇರುವುದು ಎತ್ತರದ, ತೆಳುವಾದ ಹೆಣ್ಣುದನಿ. ಗಂಟಲಿನ ಚಿಕಿತ್ಸೆಯ ನಂತರ ಅದು ಗಂಡುದನಿಯಷ್ಟು ಗಡುಸಾಯಿತು. ಗಾಯಕಿಯ ಕಂಠ ಇಂಪಾಗಿರಬೇಕೆಂಬ ಅಂಕಣ ಇರುವ ಯಾವ ಪಟ್ಟಿಯಲ್ಲಿಯೂ ಅವರಿಗೆ ಹೆಚ್ಚು ಅಂಕ ಬರುತ್ತಿರಲಿಲ್ಲ. ಆದರೆ ಆ ದನಿಯಲ್ಲಿಯೇ ಕಿರಾಣಾ ಘರಾಣೆಯ ನಿಧಾನವಾದ ಸ್ವರವಿಸ್ತಾರ ಒಂದು ಘನತೆಯನ್ನು ಪಡೆಯಿತು. 2002ರಲ್ಲಿ ಪದ್ಮವಿಭೂಷಣ ಅವರನ್ನು ಅರಸಿ ಬಂದಾಗ ಅದನ್ನು ಯಾರೂ ವೈಯಕ್ತಿಕ ರುಚಿಯ ಮಾತೆನ್ನಲಿಲ್ಲ.

ಹಾಗಾದರೆ ತೀರ್ಪುಗಳೆಲ್ಲ ಕಾಲಕಾಲಕ್ಕೆ ಬದಲಾಗುವುದರಿಂದ ನನ್ನ ಸಹೋದ್ಯೋಗಿಯ ಮಾತೇ ದಿಟವೇ? ಅಲ್ಲವೆಂದೇ ನನ್ನ ನಂಬಿಕೆ. 2006ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಅಪರಿಚಿತ ತಂಡಗಳ 48 ಹಾಡುಗಳನ್ನು 14,000ಕ್ಕೂ ಹೆಚ್ಚು ಕೇಳುಗರ ಮುಂದಿಟ್ಟು, ಕೆಲವರಿಗೆ ಇತರರ ಆಯ್ಕೆಯನ್ನು ತಿಳಿಸದೆ, ಮಿಕ್ಕವರನ್ನು ಎಂಟು ಗುಂಪುಗಳಾಗಿ ಮಾಡಿ ಆಯಾ ಗುಂಪಿನವರ ಆಯ್ಕೆಯನ್ನು ತೋರಿಸಿದರು. ಇತರರ ಆಯ್ಕೆ ಕಂಡಾಗ ಜನ ಅದರ ಹಿಂದೆಯೇ ಹೋದರು. ಯಾವ ಹಾಡು ಮೇಲೇರುವುದೆಂಬುದು ಗುಂಪಿನಿಂದ ಗುಂಪಿಗೆ ಬದಲಾಯಿತು. ಆದರೂ ಯಾರ ಪ್ರಭಾವವೂ ಇಲ್ಲದೆ ಕೇಳಿದವರು ಅತ್ಯುತ್ತಮವೆಂದ ಹಾಡುಗಳು ತೀರ ಕೆಳಕ್ಕೆ ಬಿದ್ದದ್ದು ವಿರಳ, ಕಳಪೆಯೆಂದವು ಮೇಲೇರಿದ್ದೂ ವಿರಳ. ನಡುವಿನ ದೊಡ್ಡ ರಾಶಿಯಲ್ಲಿ ಮಾತ್ರ ಅದೃಷ್ಟದ್ದೇ ಆಟ. ರುಚಿಗೆ ದೊಡ್ಡ ಜಾಗವಿದೆ, ಎಲ್ಲವೂ ರುಚಿಯಲ್ಲ.

ಇದಕ್ಕೂ ಸಾವಿರ ವರ್ಷಗಳಿಗೆ ಮುನ್ನ, ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವು ಕನ್ನಡನಾಡಿನ ಜನ ವಿಧಿವತ್ತಾಗಿ ಓದದಿದ್ದರೂ ಕಾವ್ಯದಲ್ಲಿ ಪರಿಣತಮತಿಗಳೆಂದು ಹೆಮ್ಮೆಪಟ್ಟಿತು. ಪರಿಣತಿ ಎಂಬ ಪದವನ್ನು ಗಮನಿಸಬೇಕು. ಪರಿಣತಿ ಹುಟ್ಟಿನಿಂದ ಬರುವುದಲ್ಲ, ಕೇಳಿ ಕೇಳಿ ಪಕ್ವವಾಗುವಂಥದು. ಆದ್ದರಿಂದಲೇ ಅದು ಹೆಚ್ಚು ಕಡಿಮೆಯಾಗಬಲ್ಲದು, ಎಡವಬಲ್ಲದು, ತಿದ್ದಿಕೊಳ್ಳಬಲ್ಲದು. ಕಾಫಿಗೆ ಸಕ್ಕರೆ ಎಷ್ಟು ಬೇಕೆಂಬ ವಿಷಯದಲ್ಲಿ ಯಾರೂ ತಪ್ಪಲಾರರು. ಕಲ್ಯಾಣಿಯ ವಿಷಯದಲ್ಲಿ ವೆಂಕಟಮಖಿಯಂಥವನೂ ತಪ್ಪಿದ. ತಪ್ಪಲು ಸಾಧ್ಯವಿರುವೆಡೆಯಲ್ಲಿ ಸರಿ ಎಂಬುದೂ ಇರಲೇಬೇಕು. ಆ ಸರಿಯನ್ನು ಒಬ್ಬನ ಅಳತೆಗೋಲು ಒಮ್ಮೆಗೇ ಹಿಡಿಯಲಾರದು. ಪಳಗಿದ ಹಲವು ಕಿವಿಗಳು, ಕಾರಣ ಹೇಳುತ್ತ, ಕಾಲವನ್ನೂ ಕೊಟ್ಟು ಅದನ್ನು ಹುಡುಕಬೇಕಾಗುತ್ತದೆ.

ನನ್ನ ತಪ್ಪು ಯಾವುದೆಂದು ಈಗ ನನಗೆ ಸ್ಪಷ್ಟವಾಗಿದೆ. ಹುಡುಗಿಗೆ ಬಹುಮಾನ ಕೊಟ್ಟದ್ದು ತಪ್ಪಲ್ಲ. ಅವಳ ಸಾಧನೆ ನಿಜವಾದದ್ದು. ಕೃತಿಯ ಅಳತೆಗೋಲಿನಿಂದ ತತ್ತ್ವಪದವನ್ನು ಅಳೆದದ್ದು ತಪ್ಪು. ತತ್ತ್ವಪದ ಕೇಳುವ ಮನೆಯಲ್ಲಿ ಬೆಳೆದ ಆ ಅಜ್ಜನ ಕಿವಿ ಆ ವಿಷಯದಲ್ಲಿ ನನ್ನದಕ್ಕಿಂತ ಪಳಗಿತ್ತೆಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಈ ವರ್ಷ ಶಾಸ್ತ್ರೀಯ ಮತ್ತು ಜನಪದ ವಿಭಾಗಗಳನ್ನು ಬೇರ್ಪಡಿಸಿದೆವು. ಪ್ರತಿ ಮಗುವಿಗೂ ತೀರ್ಪುಗಾರರು ಅಂಕದ ಜೊತೆಗೆ ಎರಡು ವಾಕ್ಯದ ಕಾರಣವನ್ನೂ ಬರೆದುಕೊಡಬೇಕೆಂದು ಗೊತ್ತುಮಾಡಿದೆವು. ಆದರೆ ಆ ಹುಡುಗ ಹೆಸರು ಕೊಡಲಿಲ್ಲ. ಈಗ ಹಾಡುವುದಿಲ್ಲವಂತೆ ಎಂದು ಅವನ ತಾಯಿ ಹೇಳಿದರು. ಕಲ್ಯಾಣಿಗೆ ನ್ಯಾಯ ಸಿಗಲು ನೂರಾರು ವರ್ಷ ಹಿಡಿದರೂ ರಾಗಕ್ಕೆ ಆಯುಸ್ಸಿನ ಕೊರತೆಯಿಲ್ಲ. ಮಕ್ಕಳಿಗೆ ಅಷ್ಟು ಕಾಯುವ ವ್ಯವಧಾನವಿಲ್ಲ.

ಕಳೆದ ವಾರ ಅವರ ಮನೆಗೆ ಹೋಗಿ, ಆ ತತ್ತ್ವಪದವನ್ನು ನನಗೆ ಕಲಿಸುವೆಯಾ ಎಂದು ಹುಡುಗನನ್ನೇ ಕೇಳಿದೆ. ಅವನು ಉತ್ತರ ಕೊಡಲಿಲ್ಲ, ಒಲ್ಲೆನೆಂದೂ ಹೇಳಲಿಲ್ಲ. ಮುಂದಿನ ಭಾನುವಾರ ಮತ್ತೆ ಹೋಗುವವನಿದ್ದೇನೆ. ದೇಶವಿದೇಶಗಳಿಂದ ಸಮ್ಮೇಳನಕ್ಕೆ ಬಂದು ಮಕ್ಕಳ ಸ್ಪರ್ಧೆಗಳಿಗೆ ತೀರ್ಪುಗಾರರಾಗಿ ಕೂರುವ ಕನ್ನಡ ಬಂಧುಗಳಲ್ಲಿ ನನ್ನದೊಂದೇ ವಿಜ್ಞಾಪನೆ: ಅಂಕ ಹಾಕಿರಿ, ಅದು ಬೇಕು, ಆದರೆ ಲೇಖನಿ ಎತ್ತುವ ಮೊದಲು ಹಾಡನ್ನು ಕೇಳಿರಿ.