ಹೋಟೆಲ್ ಕೆಲಸಕ್ಕೆ ಡಿಗ್ರಿ ಯಾಕೆ? ಬಿ.ವೊಕ್ ಓದಿದವರೂ ಕೆಲಸ ಕೊಡುವವರೂ ತಿಳಿದಿರಬೇಕಾದ್ದು

"ತಟ್ಟೆ ಎತ್ತೋಕೆ ಡಿಗ್ರಿ ಬೇಕಾ?" ಹಾಸ್ಪಿಟಾಲಿಟಿ ಬಿ.ವೊಕ್ ಸೇರುವ ಮಕ್ಕಳು ಈ ಮಾತನ್ನು ಮೊದಲು ಕೇಳುವುದು ಮನೆಯಲ್ಲೇ. ಮೂರು ವರ್ಷ ಓದಿ ಹೊರಬಂದ ಮೇಲೂ ಹಲವರಿಗೆ ಅದೇ ಅನುಮಾನ: ನಮ್ಮದು ಬಿ.ಕಾಂ ಥರ ಡಿಗ್ರಿನೇನಾ?

ಹೌದು, ಡಿಗ್ರಿನೇ. ಯುಜಿಸಿ 2014ರಲ್ಲಿ ತಂದ ಕೋರ್ಸ್ ಇದು. 60 ಭಾಗ ಕೌಶಲ, 40 ಭಾಗ ಸಾಮಾನ್ಯ ಶಿಕ್ಷಣ. ಒಂದು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ, ಎರಡಕ್ಕೆ ಅಡ್ವಾನ್ಸ್ಡ್ ಡಿಪ್ಲೊಮಾ, ಮೂರು ಮುಗಿಸಿದರೆ ಪದವಿ. 'ಯಾವುದೇ ಪದವಿ' ಸಾಕು ಎನ್ನುವ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಇದನ್ನೂ ಪರಿಗಣಿಸಬೇಕೆಂದು ಯುಜಿಸಿಯೇ ಹೇಳಿದೆ.

ಕಲಿಸುವುದು ಮುಖ್ಯವಾಗಿ ನಾಲ್ಕು ವಿಭಾಗ: ಅಡುಗೆಮನೆ, ಸರ್ವಿಸ್, ಫ್ರಂಟ್ ಆಫೀಸ್, ಹೌಸ್‌ಕೀಪಿಂಗ್. ಕೈಕೆಲಸ ಬೇಗ ಹತ್ತುತ್ತದೆ. ತಡವರಿಸುವುದು ಬಾಯಿ ಮತ್ತು ಪೆನ್ನು. ಇಂಟರ್‌ವ್ಯೂನಲ್ಲಿ 'ಫುಡ್ ಕಾಸ್ಟ್ ಅಂದರೇನು' ಅಂತ ಕೇಳಿದರೆ ಸುಮ್ಮನಾಗುವ ಹುಡುಗನಿಗೆ ಲೆಕ್ಕ ಗೊತ್ತಿಲ್ಲವೆಂದಲ್ಲ. 60 ರೂಪಾಯಿ ಮಸಾಲೆ ದೋಸೆಗೆ ಹಿಟ್ಟು, ಪಲ್ಯ, ಎಣ್ಣೆ, ಚಟ್ನಿ ಸೇರಿ 21 ರೂಪಾಯಿ ಸಾಮಾನು ಹೋದರೆ ಫುಡ್ ಕಾಸ್ಟ್ 35 ಪರ್ಸೆಂಟ್, ಅಷ್ಟೇ. ಗಲ್ಲಾ ಮೇಲೆ ಕೂತ ಯಜಮಾನರು ದಿನಾ ಮಾಡುವ ಲೆಕ್ಕವೇ ಇದು. ಪುಸ್ತಕದಲ್ಲಿ ಇಂಗ್ಲಿಷ್ ಹೆಸರು ಹೊತ್ತು ಬಂದಾಗ ಹೆದರಿಸುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಈ ಹೆದರಿಕೆ ಜಾಸ್ತಿ. ಟ್ರೈನಿಂಗ್‌ನಲ್ಲಿ ಮಾಡಿದ್ದನ್ನು ದಿನಾ ರಾತ್ರಿ ನಾಲ್ಕು ಸಾಲು ಬರೆದಿಟ್ಟವರಿಗೆ ಇಂಟರ್‌ವ್ಯೂನಲ್ಲಿ ಹೇಳೋಕೆ ಏನಾದರೂ ಇರುತ್ತದೆ. ಕಾಲೇಜಿಗೆ ತೋರಿಸಲೆಂದು ಕೊನೆಯ ವಾರ ಕಾಪಿ ಹೊಡೆದ ಲಾಗ್‌ಬುಕ್ ಅಲ್ಲಿ ಕೈಹಿಡಿಯಲ್ಲ.

ಹೋಟೆಲ್, ಲಾಡ್ಜ್ ಮಾಲೀಕರಿಗೂ ಇದರಲ್ಲಿ ಪಾತ್ರವಿದೆ. ಅಪ್ರೆಂಟಿಸ್ ಕಾಯ್ದೆ 1961ರದ್ದು. ಈಗಿನ ನಿಯಮದಂತೆ 30 ಅಥವಾ ಹೆಚ್ಚು ಸಿಬ್ಬಂದಿ ಇದ್ದರೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಜನ ಇದ್ದರೆ ಇಷ್ಟಕ್ಕೆ ಬಿಟ್ಟದ್ದು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಕೇಂದ್ರ ಸರ್ಕಾರ ಸ್ಟೈಪೆಂಡ್‌ನ ಕಾಲು ಭಾಗ, ತಿಂಗಳಿಗೆ ಗರಿಷ್ಠ 1,500 ರೂಪಾಯಿ ಭರಿಸುತ್ತದೆ. ಆದರೆ ಅಪ್ರೆಂಟಿಸ್ ಅಂತ ಕರೆಸಿಕೊಂಡು ವರ್ಷವಿಡೀ ಈರುಳ್ಳಿ ಹೆಚ್ಚಿಸಿದರೆ ಅದು ತರಬೇತಿ ಅಲ್ಲ, ಅಗ್ಗದ ಕೂಲಿ. ಬಿಲ್ಲಿಂಗ್, ಸ್ಟೋರ್, ಕೌಂಟರ್ ಎಲ್ಲಾ ಕಡೆ ನಿಲ್ಲಿಸಬೇಕು.

ಮಾಲೀಕರಿಗೂ ಲಾಭವಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ ಪ್ರಕಾರ ಪ್ರತಿ 25 ಕೆಲಸಗಾರರಿಗೆ ತರಬೇತಿ ಪಡೆದ ಒಬ್ಬ ಮೇಲ್ವಿಚಾರಕರು ಬೇಕು. ಸ್ವಚ್ಛತೆಯ ಪಾಠ ಓದಿ ಬಂದ ಹುಡುಗ ಅಥವಾ ಹುಡುಗಿಯನ್ನು ಆ ತರಬೇತಿಗೆ ಕಳಿಸುವುದು ಸುಲಭ.